ಕದಲದೆ ದಣಿಯುವ ಕಂಬಣ್ಣ

ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಾಗ ಗಿರಾಕಿಯೊಬ್ಬಳು ಅವನನ್ನು ಪ್ರದರ್ಶನದ ಗೊಂಬೆಯೆಂದುಕೊಂಡು ಅಂಗಿಯ ಗುಂಡಿ ಬಿಚ್ಚತೊಡಗಿದ್ದಳು. ಅವನು ತೆಪ್ಪಗೆ ನಿಂತಿದ್ದ, ಗಿರಾಕಿಗೆ ಬೇಸರವಾಗಬಾರದಲ್ಲ! ಮಾಲೀಕ ಅಂದೇ ಅವನನ್ನು ಮನೆಗೆ ಕಳಿಸಿದ.

ಆಮೇಲೆ ಸಿಕ್ಕ ಕೆಲಸ ಮಾತ್ರ ಹೇಳಿ ಮಾಡಿಸಿದಂತಿತ್ತು. ಚಿತ್ರಕಲಾ ಶಾಲೆಯ ಮರದ ಕಟ್ಟೆಯ ಮೇಲೆ, ಭರ್ಜಿ ಎಸೆಯುವವನ ಭಂಗಿಯಲ್ಲಿ ಕದಲದೆ ನಿಲ್ಲುವುದು. ವಿದ್ಯಾರ್ಥಿಗಳು ಅವನನ್ನು ನೋಡಿ ಚಿತ್ರ ಬರೆಯುವುದು. ಅಲ್ಲಿ ಎಲ್ಲರೂ ಅವನನ್ನು ಕಂಬಣ್ಣ ಎನ್ನುತ್ತಿದ್ದರು.

ಮನೆಯಲ್ಲಿ ಈ ಕಸುಬಿಗೆ ಮೂರು ಕಾಸಿನ ಬೆಲೆಯಿರಲಿಲ್ಲ. ಹೆಂಡತಿ ಲಾಂಡ್ರಿಯಲ್ಲಿ ಒದ್ದೆ ಹೊದಿಕೆಗಳನ್ನು ಎತ್ತಿ ಹಾಕಿ ಬರುವವಳು. ಸಂಜೆ ಅವನು "ಸುಸ್ತಾಯ್ತು ಕಣೇ" ಅಂದರೆ ಸಾಕು, "ನಿಂತ್ಕೊಂಡಿದ್ದಕ್ಕಾ? ಹಾಗಾದ್ರೆ ನಮ್ಮ ಬೀರು ಪಾಪ, ಮದುವೆ ಆದಾಗಿಂದ ಸುಸ್ತಾಗಿರ್ಬೇಕು" ಎನ್ನುತ್ತಿದ್ದಳು.

ಆಗಲೇ ಆರೋಗ್ಯ ಸಂಶೋಧನಾ ಕೇಂದ್ರದವರು, ದಿನದ ದುಡಿಮೆಗೆ ದೇಹ ಎಷ್ಟು ಶಕ್ತಿ ಖರ್ಚು ಮಾಡುತ್ತದೆಂದು ಅಳೆಯುವ ಸಾಧನಗಳಲ್ಲಿ ಯಾವುದು ಸರಿ ಎಂದು ಹೋಲಿಸಿ ನೋಡಲು ಜನರನ್ನು ಹುಡುಕುತ್ತಿದ್ದರು. ಹೆಂಡತಿಯ ಬಾಯಿ ಮುಚ್ಚಿಸಲೆಂದೇ ಕಂಬಣ್ಣ ಹೆಸರು ಕೊಟ್ಟ. ಕೈಗೊಂದು ಪಟ್ಟಿ, ಸೊಂಟಕ್ಕೊಂದು ಡಬ್ಬಿ ಕಟ್ಟಿ ಕಳಿಸಿದರು.

ಕೈಪಟ್ಟಿ ಆಗಾಗ ಗುಂಯ್‌ಗುಟ್ಟಿ "ಎದ್ದೇಳಿ, ಸ್ವಲ್ಪ ನಡೆಯಿರಿ" ಎಂದು ಬುದ್ಧಿ ಹೇಳುತ್ತಿತ್ತು. ಕಂಬಣ್ಣ ರೆಪ್ಪೆಯನ್ನೂ ಅಲುಗಿಸಲಿಲ್ಲ. ವಾರ ಕಳೆದ ಮೇಲೆ ನೋಡಿದರೆ, ಅವನು ಹಗಲೆಲ್ಲ ಗಾಢ ನಿದ್ದೆಯಲ್ಲಿದ್ದನೆಂದು ಕೈಪಟ್ಟಿ ಹೇಳಿತು. ಸೊಂಟದ ಡಬ್ಬಿಯಂತೂ ತನ್ನನ್ನು ಯಾರೂ ಕಟ್ಟಿಕೊಂಡೇ ಇರಲಿಲ್ಲ ಎಂದಿತು.

ಸಂಶೋಧಕಿ ಫೋನ್ ಮಾಡಿದಳು. "ನಿಜ ಹೇಳಿ, ಡಬ್ಬಿನ ಮೊಳೆಗೆ ನೇತುಹಾಕಿದ್ರಿ ತಾನೇ?"

"ಅಯ್ಯೋ ಮೇಡಂ, ಆ ಮೊಳೆ ನಾನೇ!"

ನಂಬಿಕೆಯಾಗದೆ ಅವಳೇ ಶಾಲೆಗೆ ಬಂದಳು. ಒಳಗೆ ಬಂದವಳೇ ಬಾಗಿಲ ಬಳಿಯ ಪ್ಲಾಸ್ಟರ್ ಪ್ರತಿಮೆಯ ಮುಂದೆ ನಿಂತು ಪರೀಕ್ಷೆಯ ಉದ್ದೇಶವನ್ನೆಲ್ಲ ವಿವರಿಸತೊಡಗಿದಳು. ಕಟ್ಟೆಯ ಮೇಲಿಂದ ಕಂಬಣ್ಣ ತುಟಿಯಲ್ಲಾಡಿಸದೆ, "ಮೇಡಂ, ಅವರು ಮಾತಾಡಲ್ಲ. ನಾನು ಇಲ್ಲಿದೀನಿ" ಎಂದ.

ಈ ಸಲ ಅವಳು ಉಸಿರನ್ನು ಅಳೆಯುವ ಮುಖವಾಡ ತಂದಿದ್ದಳು. ಅದರಿಂದ ಉದ್ದನೆಯ ಕೊಳವೆ ಹೊರಟು ಬೆನ್ನಿನ ಚೀಲ ಸೇರುತ್ತಿತ್ತು. "ಕಂಡದ್ದನ್ನ ಬರೀರಿ" ಎಂದರು ಚಿತ್ರಕಲೆಯ ಮೇಷ್ಟ್ರು. ವಿದ್ಯಾರ್ಥಿಗಳು ಸೊಂಡಿಲಿರುವ ಭರ್ಜಿವೀರನನ್ನು ಬರೆದರು. ಮುಖವಾಡದ ಪ್ರಕಾರ ಕಂಬಣ್ಣ ದಿನವಿಡೀ ನಡೆದವನಷ್ಟು ಶಕ್ತಿ ಸುಟ್ಟಿದ್ದ.

ಸಂಶೋಧಕಿ ತಲೆ ಮೇಲೆ ಕೈ ಹೊತ್ತು ಅವನ ಮನೆಗೇ ಬಂದಳು. "ನಮ್ಮ ವರದಿ ಪ್ರಕಾರ ನೀವು ಮೂರು ಜನ. ಒಬ್ಬರು ಮಲಗಿದಾರೆ, ಒಬ್ಬರು ನಡೀತಿದಾರೆ, ಇನ್ನೊಬ್ಬರು ಇಲ್ವೇ ಇಲ್ಲ."

"ಆ ನಡೆಯೋರನ್ನ ನಂಗೆ ಕೊಡಿ" ಎಂದಳು ಹೆಂಡತಿ, "ತರಕಾರಿ ತರೋಕೆ ಕಳಿಸ್ತೀನಿ."

ಕೊನೆಗೆ, ಲೆಕ್ಕ ಕೆಡಿಸುತ್ತಾನೆಂದು ಅವನನ್ನು ವರದಿಯಿಂದಲೇ ತೆಗೆದುಹಾಕಿದರು. ಕಂಬಣ್ಣ ಎರಡು ದಿನ ಮುಖ ಊದಿಸಿಕೊಂಡಿದ್ದ.

ವರ್ಷದ ಕೊನೆಗೆ ಶಾಲೆಯಲ್ಲಿ ಚಿತ್ರಗಳ ಪ್ರದರ್ಶನ. ಗೋಡೆ ತುಂಬ ಗಂಡನ ಸೊಂಡಿಲು ಕಂಡು ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮೂಲೆಯಲ್ಲಿ ಒಬ್ಬ ಹುಡುಗಿ ಬರೀ ಕಾಲುಗಳನ್ನು ಬರೆದಿದ್ದಳು: ಉಬ್ಬಿದ ನರಗಳು, ಕಲ್ಲಿನಂತೆ ಬಿಗಿದ ಮೀನಖಂಡ, ಹಲಗೆಯನ್ನು ಕಚ್ಚಿ ಹಿಡಿದ ಬೆರಳುಗಳು. ಅದರ ಮುಂದೆ ಹೆಂಡತಿಯ ನಗು ನಿಂತಿತು.

ಮನೆಗೆ ಹೋಗುವ ಬಸ್ಸಿನಲ್ಲಿ ಒಂದೇ ಸೀಟು ಖಾಲಿಯಿತ್ತು.

"ನೀವು ಕೂತ್ಕೊಳ್ಳಿ" ಎಂದಳು.

"ನಂಗೆ ನಿಂತು ಅಭ್ಯಾಸ ಕಣೇ."

"ಕೂತ್ಕೊಳ್ಳಿ ಅಂದ್ನಲ್ಲ" ಎಂದು ಗದರಿ, ಭುಜ ಒತ್ತಿ ಕೂರಿಸಿದಳು.