ಎಡಗೈಯಲ್ಲಿ ಹಾಕುವ ಬೀಗ

ನನಗೆ ಬೇಕಾಗಿದ್ದದ್ದು ಸೈಕಲ್ಲಿಗೊಂದು ಬೀಗ ಅನ್ನುವುದಕ್ಕಿಂತ, ನನ್ನ ಬಲಗೈ ಹೆಬ್ಬೆರಳಿನ ಹಂಗಿಲ್ಲದ ಬೀಗ ಅನ್ನುವುದು ಸರಿ. ಮೊಳಕಾಲ್ಮೂರಿನ ನಮ್ಮ ಓಣಿಯಲ್ಲಿ ಮನೆಮನೆಗೂ ರೇಷ್ಮೆ ಸೀರೆಯ ಮಗ್ಗ. ಇಪ್ಪತ್ತೈದು ವರ್ಷ ಲಾಳಿಯ ಹಗ್ಗ ಎಳೆದದ್ದಕ್ಕೆ ನನ್ನ ಹೆಬ್ಬೆರಳು ಮುನಿಸಿಕೊಂಡಿದೆ. ಬಟ್ಟೆಯ ಕ್ಲಿಪ್ಪು ಒತ್ತುವುದಕ್ಕೂ ಒಲ್ಲೆ ಅನ್ನುತ್ತದೆ. ಈಗ ಮಗ್ಗಕ್ಕೆ ನಮ್ಮ ಯಜಮಾನರು ಕೂರುತ್ತಾರೆ, ನಾನು ನೂಲು ಸುತ್ತುತ್ತೇನೆ.

ಸೈಕಲ್ಲು ಮಗಳದು, ಅವಳಿಗೆ ಶಾಲೆಯಲ್ಲಿ ಕೊಟ್ಟದ್ದು. ಅವಳು ಮದುವೆಯಾಗಿ ಚಳ್ಳಕೆರೆಗೆ ಹೋದ ಮೇಲೆ ಹಿತ್ತಲಲ್ಲಿ ಅದರ ಮೇಲೆ ಕೋಳಿ ಕೂರುತ್ತಿತ್ತು. ನಲವತ್ತಾರನೆಯ ವಯಸ್ಸಿನಲ್ಲಿ, ಎರಡೂ ಮೊಣಕಾಲು ತರಚಿಕೊಂಡು, ನಾನು ಅದನ್ನು ತುಳಿಯಲು ಕಲಿತೆ. ಓಣಿಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗಲಿ, ಅವರಿಗೂ ಬೇರೆ ಕೆಲಸವಿರಲಿಲ್ಲ. ಆಮೇಲೆ ಹಿಟ್ಟಿನ ಗಿರಣಿಗೆ ಸೈಕಲ್ಲು, ಸಂತೆಗೆ ಸೈಕಲ್ಲು. ದಿನಾ ಬೆಳಿಗ್ಗೆ ರಾಂಪುರದ ಕಡೆಯ ರಸ್ತೆಯಲ್ಲಿ ದೊಡ್ಡ ಬಂಡೆಯವರೆಗೆ ಹೋಗಿ ವಾಪಸು ಬರುತ್ತೇನೆ. ಬಂಡೆಯ ಹತ್ತಿರ ನನಗೇನೂ ಕೆಲಸವಿಲ್ಲ. ಆ ಅರ್ಧ ಗಂಟೆ ಯಾರೂ ನನ್ನನ್ನು ಕರೆಯುವುದಿಲ್ಲ, ಅದೇ ನನಗೆ ಹಬ್ಬ. ಹೊರಡುವಾಗ ಯಜಮಾನರು ಕಾಲು ಇಳಿಬಿಟ್ಟು ಕೂತ ಮಗ್ಗದ ಗುಂಡಿಯಿಂದಲೇ "ಎಲ್ಲಿಗೆ?" ಅನ್ನುತ್ತಾರೆ. ನಾನು "ಇಲ್ಲೇ" ಅನ್ನುತ್ತೇನೆ.

ತೊಂದರೆ ಎಂದರೆ ಹಿಂದಿನ ಚಕ್ರಕ್ಕಿದ್ದ ಹಳೆಯ ಬೀಗ. ಅದರ ಬಿಗಿ ಗುಬುಟನ್ನು ಬಲಗೈ ಹೆಬ್ಬೆರಳಿನಿಂದಲೇ ಅದುಮಬೇಕು, ಎಡಗೈಗೆ ಅಷ್ಟು ಬಲವಿಲ್ಲ. ಆಗದೆ ಹಾಗೇ ಬಿಟ್ಟು ಹೋಗುತ್ತಿದ್ದೆ. ಒಂದು ದಿನ ಸಂತೆಯಿಂದ ಸೈಕಲ್ಲು ಮಾಯವಾಗಿ ಮರುದಿನ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿತು. ಯಾರೋ ಬಸ್ಸಿಗೆ ತಡವಾಯಿತೆಂದು ಹತ್ತಿಕೊಂಡು ಹೋಗಿದ್ದರು. ಯಜಮಾನರು ಖಡಾಖಂಡಿತವಾಗಿ ಹೇಳಿಬಿಟ್ಟರು: "ಬೀಗ ಹಾಕಾಕೆ ಬರ್ದಿದ್ರೆ ಸೈಕಲ್ ಯಾಕೆ? ಇನ್ನೊಂದ್ಸಲ ಹಿಂಗಾದ್ರೆ ಗುಜರಿಗೆ ಹಾಕ್ತೀನಿ ನೋಡು." ಹೇಳಿದ್ದನ್ನು ಮಾಡುವ ಮನುಷ್ಯ.

ಮಗಳು ಫೋನಿನಲ್ಲಿ ಬಗೆಬಗೆಯ ಬೀಗಗಳ ಚಿತ್ರ ಕಳಿಸಿದಳು. ಚಿತ್ರದಲ್ಲಿ ತೂಕ ಗೊತ್ತಾಗುತ್ತದೆಯೇ? ಚಳ್ಳಕೆರೆಯ ಬಸ್ಸು ಹತ್ತಿದೆ. ಪೇಟೆಯ ಸೈಕಲ್ ಅಂಗಡಿಯ ಸಾಹೇಬರು ಮೊದಲು ಎತ್ತಿಕೊಟ್ಟದ್ದು ಎಮ್ಮೆ ಕಟ್ಟುವಂಥ ಸರಪಳಿ. "ಏಕ್‌ದಮ್ ಮಜಬೂತ್ ಐತೆ ಅಮ್ಮಾ," ಎಂದರು.

"ಬೀಗ ಹೊರಾಕೆ ಇನ್ನೊಂದು ಸೈಕಲ್ ಬೇಕಾಗ್ತೈತಲ್ರಿ," ಎಂದೆ. ಅವರು ನಕ್ಕು ಬೀಗಗಳ ಪೆಟ್ಟಿಗೆಯನ್ನೇ ಮುಂದಿಟ್ಟರು.

ರೇಷ್ಮೆಯ ಲಡಿಯನ್ನು ಅಂಗೈಯಲ್ಲಿ ತೂಗಿ ನೋಡುವಂತೆ ಒಂದೊಂದನ್ನೂ ತೂಗಿದೆ. ಎಡಗೈಯೊಂದರಲ್ಲೇ ಹಾಕಿ, ತೆಗೆದು ನೋಡಿದೆ. ಕೀಲಿಕೈಯದ್ದೆಲ್ಲ ಬೇಡವಾಯಿತು, ಎಡಗೈ ಬೀಗ ಹಿಡಿದರೆ ಕೀಲಿ ತಿರುಗಿಸಲು ಮತ್ತೆ ಬಲ ಹೆಬ್ಬೆರಳೇ ಬೇಕು. ಕೊನೆಗೆ ಸಿಕ್ಕಿತು: ಪ್ಲಾಸ್ಟಿಕ್ ಹೊದಿಸಿದ ತೆಳು ತಂತಿ, ತುದಿಯಲ್ಲಿ ನಾಲ್ಕು ಅಂಕಿಯ ಬಳೆಗಳು. ತೋರುಬೆರಳು ಸವರಿದರೆ ತಿರುಗುತ್ತವೆ. ಸಾಹೇಬರು ಪ್ರಾಮಾಣಿಕರು. "ಕಟ್ಟರ್ ತಂದ ಕಳ್ಳನಿಗೆ ಇದು ತಡೆಯಲ್ಲ. ಸುಮ್ನೆ ಎತ್ಕೊಂಡು ಹೋಗೋರಿಗೆ ಸಾಕು," ಎಂದರು. ನಮ್ಮ ಊರಿನಲ್ಲಿ ಇರುವುದು ಎರಡನೆಯ ಜಾತಿಯವರೇ. ನಂಬರು ಬದಲಾಯಿಸುವುದನ್ನೂ ತೋರಿಸಿಕೊಟ್ಟರು.

ಯಾವ ನಂಬರಿಡುವುದು ಎಂದು ನಾನು ಕ್ಷಣವೂ ಯೋಚಿಸಲಿಲ್ಲ. ಸೀರೆಯ ಹಾಸಿನಲ್ಲಿ, ಎಂದರೆ ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ನೂಲಿನಲ್ಲಿ, ಎಷ್ಟು ಎಳೆಗಳಿವೆ ಎನ್ನುವುದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುವ ಲೆಕ್ಕ. ಸರಿಯಾಗಿ ನಾಲ್ಕು ಅಂಕಿ. ಅದನ್ನೇ ಇಟ್ಟೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ನನ್ನ ಜಾಣತನಕ್ಕೆ ನಾನೇ ಬೀಗಿದೆ.

ವಾರ ಕಳೆದಿರಲಿಲ್ಲ. ಗಿರಣಿಯಿಂದ ಹೊರಗೆ ಬಂದರೆ ಸೈಕಲ್ಲು ನಿಲ್ಲಿಸಿದ ಜಾಗದಲ್ಲಿ ಇಲ್ಲ! ನೋಡಿದರೆ ಎದುರಿನ ಬೇವಿನ ಮರದ ನೆರಳಲ್ಲಿ ನಿಂತಿದೆ, ಬೀಗವೂ ಹಾಕಿಯೇ ಇದೆ. ಪಕ್ಕದಲ್ಲಿ ನಮ್ಮ ಓಣಿಯ ಹಿರಿಯ ನೇಕಾರರು ಬೀಡಿ ಸೇದುತ್ತ ಕೂತಿದ್ದರು.

"ಬಿಸ್ಲಿಗೆ ಟೈರು ಹಾಳಾಗ್ತೈತೆ ಅಂತ ನೆಳ್ಳಿಗೆ ಹಾಕ್ದೆ," ಎಂದರು.

"ಬೀಗ ಹೆಂಗೆ ತೆಗದ್ರಿ?"

"ಮನ ಲೆಕ್ಕೇ ಗದಮ್ಮಾ!" ಎಂದು ತೆಲುಗಿನಲ್ಲಿ ನಕ್ಕರು. ನಮ್ಮ ಲೆಕ್ಕವೇ ಅಲ್ಲವೇನಮ್ಮಾ ಅಂತ.

ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಓಣಿಯ ಪ್ರತಿ ಮನೆಗೂ ಗೊತ್ತಿರುವ ಲೆಕ್ಕವನ್ನು ಗುಟ್ಟು ಎಂದು ಇಟ್ಟವಳು ನಾನು! ಯಜಮಾನರಿಗೆ ತಿಳಿದರೆ ಗುಜರಿಯೇ ಗತಿ. ಬಾಯಿಬಿಡಲಿಲ್ಲ. ಅವತ್ತೇ ಬೇರೆ ನಂಬರು ಇಡಲು ಹಿತ್ತಲಲ್ಲಿ ಕೂತೆ.

ಮನೆಯ ನಂಬರು ಬಾಗಿಲ ಮೇಲೇ ಇದೆ. ಮಗಳು ಹುಟ್ಟಿದ ವರ್ಷ ಎಲ್ಲರಿಗೂ ಗೊತ್ತು. ಮದುವೆಯ ವರ್ಷ ಗೋಡೆಯ ಫೋಟೋದಲ್ಲಿದೆ. ಎಷ್ಟು ಹುಡುಕಿದರೂ ಮನೆಯದು, ಮಗ್ಗದ್ದು, ಮಗಳದು. ನನಗೊಬ್ಬಳಿಗೇ ಗೊತ್ತಿರುವ ಅಂಕಿ ಒಂದೂ ಸಿಗಲಿಲ್ಲ. ಐವತ್ತರ ಹತ್ತಿರ ಬಂದರೂ ನಾಲ್ಕು ಅಂಕಿ ಸಂಪಾದಿಸಲಿಲ್ಲವಲ್ಲ ಎಂದು ನಿಜಕ್ಕೂ ದುಃಖವಾಯಿತು.

ಮರುದಿನ ಬಂಡೆಯ ಕಡೆ ಹೊರಟಾಗ, ಎಣಿಸುವ ಚಾಳಿ ಎಲ್ಲಿ ಬಿಡುತ್ತದೆ, ಬಲಗಾಲು ಕೆಳಗೆ ಬಂದಾಗಲೆಲ್ಲ ಒಂದೊಂದು ಎಂದು ಎಣಿಸತೊಡಗಿದೆ. ನಮ್ಮ ಬಾಗಿಲಿನಿಂದ ಬಂಡೆಗೆ, ಬಂಡೆಯಿಂದ ಬಾಗಿಲಿಗೆ. ಸಾವಿರ ದಾಟಿತು. ಬಂದವಳೇ ಬೀಗದಲ್ಲಿ ಅದನ್ನೇ ಇಟ್ಟೆ. ಎಷ್ಟು ಎಂದು ಇಲ್ಲಿ ಬರೆಯುವುದಿಲ್ಲ, ಒಮ್ಮೆ ಪೆಟ್ಟು ತಿಂದಿದ್ದೇನೆ.

ಕೆಲವು ದಿನಗಳ ನಂತರ ಯಜಮಾನರ ಬೈಕು ಪಂಕ್ಚರ್ ಆಯಿತು. ನಾನು ಅಡುಗೆಮನೆಯಲ್ಲಿದ್ದೆ. ಹೊರಗೆ ಕಟಕಟ ಸದ್ದು, ಆಮೇಲೆ ಅವರ ಕೂಗು: "ಲೇ, ಈ ಬೀಗ ಕೆಟ್ಟೈತೆ ನೋಡು. ನಂಬರ್ ಹಾಕಿದ್ರೂ ಬಿಡವಲ್ದು!"

ಹಾಗಾದರೆ ಹಳೆಯ ನಂಬರು ಅವರಿಗೂ ಗೊತ್ತಿತ್ತು. ಕೈ ಒರೆಸಿಕೊಂಡು ಹೊರಗೆ ಬಂದೆ.

"ಕೆಟ್ಟಿಲ್ಲ. ನಂಬರ್ ಬದಲಾಗೈತೆ."

"ಎಷ್ಟು?"

ನಾನು ಸೈಕಲ್ಲಿನ ಸೀಟಿನ ಮೇಲೆ ಎಡಗೈ ಇಟ್ಟು ನಿಂತೆ. "ಎಲ್ಲಿಗೆ ಹೋಗ್ಬೇಕು ಹೇಳ್ರಿ," ಎಂದೆ, "ತೆಗೆದುಕೊಡ್ತೀನಿ."