ಹಳೇ ಬಾಗಿಲಿನ ಪುಡಿ

ಬಳ್ಳಾರಿ ಗಾಂಧಿನಗರದ ಆ ಮನೆಗೆ ನಾನು ಪೇಂಟ್ ಮಾಡಲು ಹೋದಾಗ ಸೊಸೆ ಏಳು ತಿಂಗಳ ಬಸುರಿ. ಸೀಮಂತದೊಳಗೆ ಬಾಗಿಲು ಹೊಳೆಯಬೇಕೆಂದು ಅತ್ತೆಯ ಹಟ. ಅಜ್ಜನ ಕಾಲದ ಬಾಗಿಲು. ಬಣ್ಣದ ಮೇಲೆ ಬಣ್ಣ ಕೂತು ಸಿಪ್ಪೆ ಏಳುತ್ತಿತ್ತು.

"ಸೊಸಿಯವ್ರು ಮನ್ಯಾಗಿದ್ರ ನಾ ಇದನ್ನ ಕೆರಿಯಂಗಿಲ್ರಿ ಅಮ್ಮಾ," ಎಂದೆ. "ಹಳೇ ಪೇಂಟಿನಾಗ ಸೀಸ ಇರಬೌದು. ಆ ಪುಡಿ ಹೊಟ್ಟ್ಯಾಗಿನ ಕೂಸಿಗೆ ಒಳ್ಳೇದಲ್ರಿ."

"ವಾಸನಿ ಬರದ ಪೇಂಟೇ ತರಿಸೀನಲ್ಲಪ್ಪ!"

"ಪುಡಿಗೂ ವಾಸನಿ ಇರಂಗಿಲ್ರಿ. ಅವರನ್ನ ತವರಿಗೆ ಕಳಿಸ್ರಿ."

"ಸೀಮಂತ ಆಗದ ಹೆಂಗ ಕಳಿಸ್ಲಿ?"

"ಹಂಗಾರ ಸೀಮಂತ ಮುಗೀಲಿ. ಅಲ್ಲೀತನಕ ಬಾಗ್ಲಾ ಹಿಂಗ ಇರ್ಲಿ."

ಬೇರೆ ಪೇಂಟರನ್ನು ಕರೆಸುತ್ತೇನೆಂದು ಆಕೆ ಗದರಿದರು. ನಾನು ಜಗ್ಗಲಿಲ್ಲ. ಕೊನೆಗೆ ಸಿಪ್ಪೆ ಎದ್ದ ಬಾಗಿಲಿಗೇ ತೋರಣ ಕಟ್ಟಿ ಸೀಮಂತ ಮಾಡಿದರು. ಸೊಸೆ ರಾರಾವಿ ಊರಿನ ತವರಿಗೆ ಹೋದ ಮರುದಿನ ಕೆರೆಯಲು ಕೂತೆ.

ಸಂಜೆ ಮನೆಯಲ್ಲಿ ಹೆಂಡತಿಗೆ ಇದನ್ನೆಲ್ಲ ಹೆಮ್ಮೆಯಿಂದ ಹೇಳಿದೆ. ಆಕೆ ಪುಡಿ ಮೆತ್ತಿದ ನನ್ನ ಅಂಗಿಯನ್ನು ಕೈಯಲ್ಲಿ ಹಿಡಿದೇ ಕೇಳಿದಳು: "ನಾ ಬಸುರಿದ್ದಾಗ ನಿಮ್ಮ ಅಂಗಿ ದಿನಾ ಝಾಡಿಸಿ ಒಗದಾಕಿ ಯಾರ್ರಿ?"

ಅವತ್ತಿನಿಂದ ನನ್ನ ಅಂಗಿ ನಾನೇ ಒಗೆಯುತ್ತೇನೆ. ಕಾಲರ್ ಇನ್ನೂ ಹೊಲಸೇ ಐತಿ ಎಂದು ಆಕೆ ದೂರದಲ್ಲೇ ನಿಂತು ಹೇಳುತ್ತಾಳೆ.