ಮೂಳೆ ಅಂದಿದ್ದು ನಾನು

ಆಗ ನನಗೆ ಮೂವತ್ತನಾಲ್ಕು. ಅದಾಗಿ ನಲವತ್ತಾರು ವರ್ಷ. ಡಾಕ್ಟರಮ್ಮನ ಬಲಗೈ ಹೆಬ್ಬೆರಳು ಚಪ್ಪಟೆ. ಒತ್ತಿ ಒತ್ತಿ ತುದಿ ಅಗಲವಾಗಿ, ಉಗುರು ಒಂದು ಪಕ್ಕಕ್ಕೆ ಸರಿದಿತ್ತು. ಆಸ್ಪತ್ರೆಯ ವರಾಂಡ ಒರೆಸುತ್ತಿದ್ದ ನನ್ನನ್ನು ನಿಲ್ಲಿಸಿ, ಹೆಸರು ಕೂಡ ಕೇಳದೆ, ಬಗ್ಗಿ ನನ್ನ ಕಣಕಾಲಿನ ಮೂಳೆಯ ಮೇಲೆ ಆ ಬೆರಳಿಟ್ಟು ಒತ್ತಿದರು.

"ವಲಿಕ್ಕಿದಾ?" ನೋವಾಗುತ್ತದಾ ಎಂದು ತಮಿಳಿನಲ್ಲಿ ಕೇಳಿದರು.

"ಇಲ್ಲ ಕಣ್ರಮ್ಮ. ನೀವಿಂಗೇ ಒತ್ತುದ್ರೆ ಬತ್ತದೆ."

"ಅಡೆ, ಕನ್ನಡದೋಳು!" ಎಂದು ನೆಟ್ಟಗಾದರು. "ನಾಳೆಯಿಂದ ಒರೆಸೋದು ಬಿಡು. ನನ್ ಜೊತೆ ಬಾ."

ನಾನು ಮಳವಳ್ಳಿ ಕಡೆಯವಳು. ಮದ್ರಾಸಿಗೆ ಬಂದು ಆಗ ಎರಡು ವರ್ಷ. ಗಂಡ ಹಾರ್ಬರಿನಲ್ಲಿ ಮೂಟೆ ಹೊರುತ್ತಿದ್ದ, ಅಲ್ಲೇ ಮೂಟೆ ಮೈಮೇಲೆ ಬಿದ್ದು ಹೋದ. ರಾಯಪುರಂನಲ್ಲಿ ಒಂದು ರೂಮು, ಎಂಟು ವರ್ಷದ ಮಗಳು. ಆಸ್ಪತ್ರೆಯಲ್ಲಿ ಸಿಕ್ಕಿದ್ದು ಟೆಂಪರರಿ ಆಯಾ ಕೆಲಸ. ಟೆಂಪರರಿ ಅಂದರೆ ಯಾರೋ ಒಬ್ಬರು ಇವಳು ಬೇಡ ಅಂದರೆ ಸಾಕು, ಮಾರನೆ ದಿನ ಗೇಟಿನೊಳಕ್ಕೆ ಬಿಡುವುದಿಲ್ಲ. ಕನ್ನಡವನ್ನೇ ಅಕ್ಷರ ಕೂಡಿಸಿ ಓದುತ್ತಿದ್ದೆ. ತಮಿಳು ಕಿವಿಗೆ ಬಿದ್ದಷ್ಟು ಮಾತ್ರ.

ಡಾಕ್ಟರಮ್ಮನದು ಮೂರು ತಲೆಮಾರಿನಿಂದ ತಿರುವಲ್ಲಿಕ್ಕೇಣಿಯಲ್ಲಿ ನೆಲೆಸಿದ ವೈಷ್ಣವರ ಮನೆ. ಮನೆಮಾತು ಕನ್ನಡವೇ, ಆದರೆ ಒಂದು ಕನ್ನಡಕ್ಕೆ ಎರಡು ತಮಿಳು. ವಯಸ್ಸು ಐವತ್ತು ದಾಟಿತ್ತು. ಮದುವೆ ಆಗಿರಲಿಲ್ಲ. ಕಾಟನ್ ಸೀರೆ, ರಬ್ಬರ್ ಚಪ್ಪಲಿ, ಕೈಯಲ್ಲಿ ಕಾಫಿ ಫ್ಲಾಸ್ಕು. ಅದರ ಮುಚ್ಚಳದಲ್ಲೇ ಬಗ್ಗಿಸಿಕೊಂಡು ಕುಡಿಯುವುದು, ಯಾರಿಗೂ ಒಂದು ಗುಟುಕು ಕೊಡುವುದಿಲ್ಲ. ಮಡಿ ಅಂತ ಅಲ್ಲ, ಬರೀ ಜಿಪುಣತನ. ಏಳು ವರ್ಷದಲ್ಲಿ ನನಗೆ ಒಂದು ದಿನವೂ ಕೊಡಲಿಲ್ಲ. ಕೋಪ ಬಂದರೆ ಸಿರಿಂಜಿನ ಟ್ರೇ ಎತ್ತಿ ಕುಕ್ಕುತ್ತಿದ್ದರು. ಒಳ್ಳೆಯವರು ಅಂತ ಯಾರೂ ಹೇಳುತ್ತಿರಲಿಲ್ಲ, ನಾನೂ ಹೇಳುತ್ತಿರಲಿಲ್ಲ.

ಅವರಿಗಿದ್ದದ್ದು ಒಂದೇ ಹುಚ್ಚು, ಮುದುಕಿಯರ ಮೂಳೆ. ವಯಸ್ಸಾದ ಹೆಂಗಸು ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದರೂ ಸೊಂಟ ಮುರಿಯುತ್ತದಲ್ಲ, ಅದು ಯಾಕೆ? ಉಳಿದ ಡಾಕ್ಟರುಗಳು "ವಯಸ್ಸು" ಎಂದು ಬರೆದು ಕಳಿಸುತ್ತಿದ್ದರು. ಇವರು ಮಾತ್ರ "ವಯಸ್ಸಲ್ಲ, ಇರುಟ್ಟು" ಎನ್ನುತ್ತಿದ್ದರು. ಇರುಟ್ಟು ಅಂದರೆ ಕತ್ತಲೆ. ಬಿಸಿಲು ಕಾಣದ ಮನೆಯೊಳಗೆ ಕೂತು ಕೂತು ಮೂಳೆ ಹಪ್ಪಳವಾಗುತ್ತದೆ ಎಂದು ಅವರ ವಾದ. ಅದನ್ನು ರುಜುವಾತು ಮಾಡಬೇಕು. ಅದಕ್ಕೆ ರಾಯಪುರಂ ದಂಡೆಯಲ್ಲಿ ಮೀನು ಮಾರುವ ಮುದುಕಿಯರ ರಕ್ತ, ಸೌಕಾರ್‌ಪೇಟೆಯ ಒಳಮನೆಗಳ ಮುದುಕಿಯರ ರಕ್ತ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು.

ಮೀನಿನವರ ಹತ್ತಿರ ಕಷ್ಟವಾಗಲಿಲ್ಲ. ಎಪ್ಪತ್ತು ದಾಟಿದ ಒಬ್ಬಳು ತಲೆಯ ಮೇಲಿನ ಬುಟ್ಟಿ ಇಳಿಸದೆಯೇ ಕಾಲು ಮುಂದಿಟ್ಟು, "ಒತ್ತು ತಾಯಿ, ನಿನ್ನ ಬೆರಳೇ ಮುರೀತದೆ" ಎಂದಳು. ಡಾಕ್ಟರಮ್ಮ ಒತ್ತಿದರು. ಅವಳು ಮೀನಿನ ಬೆಲೆ ಕೂಗುತ್ತಲೇ ಇದ್ದಳು.

ದಾರಿಯಲ್ಲಿ ನನಗೆ ಬಿಡಿಸಿ ಹೇಳಿದರು. "ವೆಯಿಲ್, ಬಿಸಿಲು, ಮೈಮೇಲೆ ಬಿದ್ರೆ ತೊಗಲಲ್ಲಿ ಒಂದು ಸತ್ತು ಊರುತ್ತೆ. ವಿಟಮಿನ್ ಡಿ ಅಂತ. ಅದಿಲ್ಲಾಂದ್ರೆ ತಿಂದ ಸುಣ್ಣದಂಶ ಮೂಳೆಗೆ ಹತ್ತಲ್ಲ."

"ಯಾರು ಸತ್ತುದ್ದು?" ಎಂದೆ.

ತಮಿಳಿನಲ್ಲಿ ಸತ್ತು ಅಂದರೆ ಸತ್ವ. ಅವರಿಗೆ ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಫ್ಲಾಸ್ಕನ್ನು ಕಟ್ಟೆಯ ಮೇಲಿಟ್ಟು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ನಾನೂ ನಕ್ಕೆ. ಒಂದು ಮಾತು ಈ ಭಾಷೆಯಿಂದ ಆ ಭಾಷೆಗೆ ದಾಟಿದರೆ ಹೇಗೆ ತಿರುಗಿ ನಿಲ್ಲುತ್ತದೆ ಎಂದು ಆಗಲೇ ಇಬ್ಬರಿಗೂ ಬುದ್ಧಿ ಬರಬೇಕಿತ್ತು. ಬರಲಿಲ್ಲ.

ಆಸ್ಪತ್ರೆಯ ತಾರಸಿಯ ಮೇಲೆ ಹಳೆಯ ಬೆಡ್‌ಶೀಟುಗಳನ್ನು ಮರೆ ಕಟ್ಟಿಸಿ, ಬಂದ ಮುದುಕಿಯರನ್ನು ಮೊಣಕಾಲಿನವರೆಗೆ ಸೀರೆ ಎತ್ತಿಸಿ ಬಿಸಿಲಲ್ಲಿ ಕೂರಿಸುವರು. ಅವರು ನಾಚಿದರೆ ತಾವೇ ಮೊದಲು ಕಾಲು ಚಾಚಿ ಕೂರುವರು. "ಸುಮ್ನೆ ದಂಡ ಆಗ್ತಿದೆಯಲ್ಲೇ ವೆಯಿಲ್" ಎಂದು ನನ್ನನ್ನೂ ಎಳೆದು ಕೂರಿಸುವರು. ಆದರೆ ನಡೆದು ಬರುವ ಮುದುಕಿಯರಿಂದ ಅವರ ಕೆಲಸ ಮುಗಿಯುತ್ತಿರಲಿಲ್ಲ. ಒಳಗೇ ಬಿದ್ದವರು ಬೇಕಿತ್ತು. ಅವರನ್ನು ಹುಡುಕಲು ನನ್ನನ್ನು ಸೌಕಾರ್‌ಪೇಟೆಗೆ ಕಳಿಸಿದರು. "ಮನೆಮನೆಗೂ ಹೋಗು. ಮೂಳೆ ವೀಕ್ ಇರೋ ಅಜ್ಜಿಗಳನ್ನ ಮಂಗಳವಾರ ಕರ್ಕೊಂಡು ಬರಕ್ಕೆ ಹೇಳು."

ಒಂದು ಬಟ್ಟೆ ವ್ಯಾಪಾರದವರ ಮನೆಗೆ ಹೋದೆ. ತಮಿಳಿನವರು. ಮುಂದೆ ಅಂಗಡಿ, ಹಿಂದೆ ಮನೆ, ಅದರ ಹಿಂದೆ ಬಟ್ಟೆ ಮೂಟೆಗಳ ಕೋಣೆ, ಮೂಟೆಗಳ ಪಕ್ಕದಲ್ಲಿ ಮನೆಯ ಮುದುಕಿ. ಹಗಲಲ್ಲೂ ಬಲ್ಬು ಉರಿಯಬೇಕು. ಗಂಡ ಸತ್ತ ಮೇಲೆ ಹನ್ನೊಂದು ವರ್ಷ ಹೊಸಿಲು ದಾಟಿಲ್ಲ. ನಡೆದರೆ ಬಾತುಕೋಳಿಯ ಹಾಗೆ ಓಲಾಡುತ್ತಾಳೆ, ಮುಟ್ಟಿದರೆ ಕೂಗುತ್ತಾಳೆ ಎಂದಳು ಸೊಸೆ. ಡಾಕ್ಟರಮ್ಮ ಹೇಳಿಕೊಟ್ಟ ಲಕ್ಷಣವೆಲ್ಲ ಇತ್ತು. ಸಿಕ್ಕಿದಳು ಎಂದು ನನಗೆ ಖುಷಿ. ಅಜ್ಜಿಗೆ ಮೂಳೆ ವೀಕು, ಡಾಕ್ಟರಮ್ಮ ನೋಡಬೇಕು ಎಂದು ಬರುವ ತಮಿಳಿನಲ್ಲಿ ಹೇಳಿದೆ.

"ಪಾಟ್ಟಿಕ್ಕು ಮೂಳೆ ವೀಕ್ಕು. ಡಾಕ್ಟರಮ್ಮ ಪಾಕ್ಕಣುಂ."

"ಮೂಳೆಯಾ?"

"ಆಮಾಂ, ಮೂಳೆ. ರೊಂಬ ವೀಕ್ಕು."

ಸೊಸೆ ಗಂಡನ ಕಡೆ ತಿರುಗಿ, ನಾನು ಆಗಲೇ ಹೇಳಲಿಲ್ಲವೇ ಎನ್ನುವ ಹಾಗೆ ನೋಡಿದಳು.

ತಮಿಳಿನಲ್ಲಿ ಮೂಳೆ ಅಂದರೆ ಮಿದುಳು. ನಮ್ಮ ಮೂಳೆಗೆ ಅವರು ಎಲುಂಬು ಎನ್ನುತ್ತಾರೆ. ಡಾಕ್ಟರಮ್ಮ ನನ್ನ ಹತ್ತಿರ ಕನ್ನಡದಲ್ಲಿ ಆಡಿದ ಮಾತನ್ನು ನಾನು ಹಾಗೇ ಹೊತ್ತುಕೊಂಡು ಹೋಗಿ ಬೀದಿಬೀದಿಗೆ ಹಂಚಿದೆ. ನಿಮ್ಮ ಅಜ್ಜಿಗೆ ಮಿದುಳು ಸರಿಯಿಲ್ಲ, ಆಸ್ಪತ್ರೆಗೆ ತನ್ನಿ ಎಂದು. ಒಂದು ಮನೆಯಲ್ಲಿ ಕಾಲ ಮೇಲೆ ನೀರು ಚೆಲ್ಲಿದರು. ಇನ್ನೊಂದರಲ್ಲಿ, "ಯಾರಿಗೇ ಮೂಳೆ ಇಲ್ಲ? ಕಳಿಸಿದಳಲ್ಲ, ಅವಳಿಗಿಲ್ಲ!" ಎಂದರು. ಪೇಟೆಯ ಜನವೇ ಒರಟು ಎಂದುಕೊಂಡು ಮುಂದಕ್ಕೆ ಹೋದೆ.

ಮಂಗಳವಾರ ಯಾರೂ ಬರಲಿಲ್ಲ. ಮುಂದಿನ ಮಂಗಳವಾರವೂ ಇಲ್ಲ. ಎರಡು ತಿಂಗಳು ಕಾದು, "ಅಷ್ಟು ಬಾಗಿಲು ತಟ್ಟಿದ್ಯಾ, ಒಂದು ಅಜ್ಜಿನೂ ಬರ್ಲಿಲ್ಲವಾ? ನಡಿ, ನಾನೇ ಬರ್ತೀನಿ" ಎಂದು ಡಾಕ್ಟರಮ್ಮ ಹೊರಟರು. ಬೀದಿಯ ತಿರುವಿನಲ್ಲಿ ವೀಳ್ಯದೆಲೆ ಅಂಗಡಿಯವನು ನನ್ನನ್ನು ಕಂಡವನೇ ತಲೆಯನ್ನು ಬೆರಳಿಂದ ತಟ್ಟಿಕೊಂಡು, "ವಂದಾಚ್ಚು ಪಾರು, ಮೂಳೆ ಡಾಕ್ಟರು!" ಎಂದು, ಬಂದರು ನೋಡು ಎನ್ನುವ ಹಾಗೆ ಪಕ್ಕದವನಿಗೆ ತೋರಿಸಿದ.

ಡಾಕ್ಟರಮ್ಮ ನಿಂತುಬಿಟ್ಟರು. "ಏನೂಂತ ಹೇಳ್ದೆ ನೀನು ಇವರಿಗೆಲ್ಲ?"

"ನೀವು ಹೇಳಿದ್ನೇ. ಮೂಳೆ ಅಂತ."

"ಅಯ್ಯೋ ಪೆರುಮಾಳೇ." ನಗಲಿಲ್ಲ. ಆ ಮಾತಿನ ಅರ್ಥವನ್ನು ಅಲ್ಲೇ ಬಿಸಿಲಲ್ಲಿ ನಿಂತು ನನಗೆ ಹೇಳಿದರು. ಆಮೇಲೆ, "ಯಾವ ಮನೇಲಿ ನಂಬಿದರು?" ಎಂದು ಕೇಳಿದರು. ನನಗೆ ಆ ಸೊಸೆ ಗಂಡನನ್ನು ನೋಡಿದ ನೋಟ ನೆನಪಾಯಿತು.

ಮೂಟೆಗಳ ಕೋಣೆಗೆ ಹೊರಗಿನಿಂದ ಚಿಲಕ ಹಾಕಿತ್ತು. ಮುದುಕಿಯ ಎರಡೂ ಕೈಯನ್ನು ಹಳೆಯ ಸೀರೆಯ ಅಂಚಿನಿಂದ ಕಿಟಕಿಯ ಸರಳಿಗೆ ಕಟ್ಟಿದ್ದರು. ನೋವಿಗೆ ಕೂಗಿದರೆ ಹುಚ್ಚು ಎಂದು ಕಟ್ಟುವುದು, ಕಟ್ಟಿದರೆ ಇನ್ನೂ ಕೂಗುವುದು. ಎಡಗಾಲು ಹೊರಕ್ಕೆ ತಿರುಗಿ ಬಿದ್ದಿತ್ತು. ಬಿಡಿಸಿಕೊಳ್ಳಲು ಎಳೆದಾಡಿ ತೊಡೆಯ ಮೂಳೆ ಮುರಿದಿತ್ತು. ಮುರಿದು ಎಷ್ಟು ದಿನ ಎಂದು ಯಾರಿಗೂ ಗೊತ್ತಿಲ್ಲ.

"ಯಾರು ಹೇಳಿದ್ದು ಇವಳಿಗೆ ಪೈತ್ಯ, ಹುಚ್ಚು ಅಂತ?" ಡಾಕ್ಟರಮ್ಮ ಕೂಗಾಡಿದರು.

ಸೊಸೆ ನನ್ನ ಕಡೆ ಬೆರಳು ತೋರಿಸಿದಳು. "ನಿಮ್ಮ ಆಯಾನೇ."

ಡಾಕ್ಟರಮ್ಮ ಕಟ್ಟು ಬಿಚ್ಚುತ್ತಿದ್ದರು. ತಲೆ ಎತ್ತಲಿಲ್ಲ. "ಆಯಾ ಅಲ್ಲ. ನಾನು ಹೇಳಿ ಕಳಿಸಿದ್ದು."

ಮುದುಕಿಯನ್ನು ವಾರ್ಡಿಗೆ ತಂದೆವು. ಕಾಲಿಗೆ ತೂಕ ಕಟ್ಟಿ ಮಲಗಿಸಿದರು. ಮೂರು ವಾರ ಬದುಕಿದ್ದಳು. ನಾನೇ ಒರೆಸಿ, ತಿರುಗಿಸಿ, ಬೆಡ್‌ಪ್ಯಾನ್ ಇಟ್ಟೆ. ಮುಟ್ಟಿದರೆ ಕೂಗುತ್ತಿದ್ದವಳು ಕೊನೆಕೊನೆಗೆ ಕೂಗುವುದನ್ನೂ ಬಿಟ್ಟಳು. ಕಫ ಕಟ್ಟಿ ಹೋದಳು. ನಾನು ಮೆಟ್ಟಿಲ ಕೆಳಗೆ ಕೂತು ಅಳುತ್ತಿದ್ದಾಗ ಡಾಕ್ಟರಮ್ಮ ಬಂದು, "ಏಳು. ನೀನು ಅತ್ತರೆ ಆ ಕಾಲು ಕೂಡತ್ತಾ? ಹದಿನಾಲ್ಕನೇ ಬೆಡ್ಡಿಗೆ ನೀರು ಕೊಡು" ಎಂದರು. ಅಷ್ಟೇ.

ಅಮ್ಮನ ಕೈ ಕಟ್ಟಿದ ಮಗ ಈಗ ದೊಡ್ಡ ಡಾಕ್ಟರ ರೂಮಿಗೆ ನಾಲ್ಕು ಜನರನ್ನು ಕರೆದುಕೊಂಡು ಬಂದ. ನಮ್ಮಮ್ಮನಿಗೆ ಹುಚ್ಚು ಎಂದು ಬೀದಿಯಲ್ಲೆಲ್ಲ ಹೇಳಿ ಕೊಂದವರು ಇವರು ಎಂದ. ನಾನು ಬಾಗಿಲ ಹೊರಗೆ ನಿಂತಿದ್ದೆ. ಒಳಗೆ ಕರೆದರೆ ನನ್ನ ಕೆಲಸ ಅಲ್ಲಿಗೇ ಮುಗಿಯುತ್ತಿತ್ತು, ಮಗಳಿಗೆ ಗಂಜಿಯೂ ಇಲ್ಲ. ಡಾಕ್ಟರಮ್ಮ ನನ್ನನ್ನು ಕರೆಸಲಿಲ್ಲ. "ಹೇಳಿ ಕಳಿಸಿದ ಮಾತು ನನ್ನದು. ಅವಳು ಒಂದಕ್ಷರ ಸೇರಿಸಿಲ್ಲ" ಎಂದಿದ್ದು ಕೇಳಿಸಿತು. ಅಕ್ಷರಕ್ಕೆ ಅದು ನಿಜವೇ. ಒಳಗೆ ಹೋಗಿ ಹೌದು, ಬೀದಿಯಲ್ಲಿ ಆಡಿದ್ದು ನಾನು ಎನ್ನಲು ನನಗೆ ಎರಡು ಹೆಜ್ಜೆ ಸಾಕಿತ್ತು. ಇಡಲಿಲ್ಲ.

ಡಾಕ್ಟರಮ್ಮನ ಮೂಳೆಯ ಕೆಲಸವನ್ನು ಆಸ್ಪತ್ರೆಯವರು ನಿಲ್ಲಿಸಿದರು. ತಾರಸಿಯ ಬೆಡ್‌ಶೀಟು ಬಿಚ್ಚಿಸಿದರು. ಎರಡು ವರ್ಷ ಕೂಡಿಟ್ಟ ರಕ್ತವನ್ನು ತೊಟ್ಟಿಗೆ ಸುರಿದು ಸೀಸೆ ತೊಳೆಯಲು ಹೇಳಿದ್ದು ನನಗೇ. ಮೀನಿನವರದು ಯಾವುದು, ತಾರಸಿಗೆ ಬಂದವರದು ಯಾವುದು, ಎಲ್ಲ ಒಂದೇ ತೂತಿನಲ್ಲಿ ಹೋಯಿತು. ಡಾಕ್ಟರಮ್ಮನನ್ನು ಮುರಿದ ಕೈಕಾಲಿಗೆ ಹಿಟ್ಟಿನ ಕಟ್ಟು ಹಾಕುವ ರೂಮಿಗೆ ಹಾಕಿದರು. ಬರೆದಿಟ್ಟ ನಾಲ್ಕು ನೋಟುಬುಕ್ಕನ್ನು ಚೀಲದಲ್ಲಿ ಮನೆಗೆ ಒಯ್ದರು. ಒಂದು ತಿಂಗಳು ನನ್ನ ಮುಖ ನೋಡಲಿಲ್ಲ. ಆಮೇಲೆ ಒಂದು ದಿನ ತಾವಾಗಿಯೇ, "ನಿನಗೆ ತಮಿಳು ಬರಲ್ಲ ಅಂತ ಗೊತ್ತಿದ್ದೂ ಕಳಿಸಿದೋಳು ನಾನು. ಓದಿದೋರ ತಪ್ಪು ದೊಡ್ಡದು" ಎಂದರು. ನನ್ನ ಕೆಲಸ ಪರ್ಮನೆಂಟ್ ಆದದ್ದು ಅವರು ಬರೆದುಕೊಟ್ಟ ಕಾಗದದಿಂದ.

ಐದು ವರ್ಷದ ಮೇಲೆ ಅವರು ಸತ್ತರು. ರಕ್ತದ ಕ್ಯಾನ್ಸರು. ಡ್ಯೂಟಿಯಲ್ಲಿ ನರ್ಸಮ್ಮ ಹೇಳಿದಳು. ತಿರುವಲ್ಲಿಕ್ಕೇಣಿಗೆ ಹೋಗುವಷ್ಟರಲ್ಲಿ ಎತ್ತಿಬಿಟ್ಟಿದ್ದರು, ಅವರ ತಂಗಿ ನಡುಮನೆ ತೊಳೆಯುತ್ತಿದ್ದರು. ನಾನು ಯಾರೆಂದು ಹೇಳಿಕೊಂಡು, ಆ ನೋಟುಬುಕ್ಕುಗಳು ಎಂದು ಕೇಳಿದೆ.

"ಅದಾ? ಮನೆ ಒತ್ತರಿಸುವಾಗ ಹಳೇ ಪೇಪರಿನವನಿಗೆ ಹಾಕ್ಬಿಟ್ವಲ್ಲಮ್ಮಾ" ಎಂದರು ತಂಗಿ.

ಹಾಗಾದರೆ ಅವರ ಕೆಲಸದ್ದು ಏನೂ ಉಳಿಯಲಿಲ್ಲ. ಉಳಿದದ್ದು ಸೌಕಾರ್‌ಪೇಟೆಯ ಒಂದು ಮನೆಯಲ್ಲಿ, ಒಬ್ಬ ಡಾಕ್ಟರಮ್ಮ ನಮ್ಮ ಅತ್ತೆಗೆ ಹುಚ್ಚು ಎಂದಳು ಎನ್ನುವ ಮಾತು ಒಂದೇ.

ಮಾರನೆ ದಿನ ಬೆಳಿಗ್ಗೆ ಡ್ಯೂಟಿಗೆ ಮೊದಲು ಆ ಮನೆಗೆ ಹೋದೆ. ಸೊಸೆಯೇ ಬಾಗಿಲು ತೆಗೆದಳು. ಒಳಗೆ ಕರೆಯಲಿಲ್ಲ. ಈಗ ನನಗೆ ತಮಿಳು ಚೆನ್ನಾಗಿ ಬರುತ್ತಿತ್ತು. ಅವತ್ತು ಮೂಳೆ ಅಂದಿದ್ದು ನಾನು, ಡಾಕ್ಟರಮ್ಮ ಅಲ್ಲ. ಅವರು ಹೇಳಿದ್ದು ಎಲುಂಬು. ಅವರು ನಿನ್ನೆ ಸತ್ತರು ಎಂದೆ.

"ಇಷ್ಟು ವರ್ಷ ಯಾಕೆ ಹೇಳಲಿಲ್ಲ?"

"ಕೆಲಸ ಹೋಗ್ತದೆ ಅಂತ."

ಅವಳು ಹೊಸಿಲ ಮೇಲೆ ನಿಂತು ತನ್ನ ಎರಡು ಅಂಗೈ ನೋಡಿಕೊಂಡಳು. "ಸರಿ. ನೀನು ಅಂದೆ," ಎಂದಳು. "ಕಟ್ಟಿದ್ದು ನೀನಲ್ಲವಲ್ಲ."

ಬಾಗಿಲು ಹಾಕಿಕೊಂಡಳು. ನಾನು ಆಸ್ಪತ್ರೆಗೆ ನಡೆದೆ. ಹತ್ತು ನಿಮಿಷ ತಡ ಎಂದು ಮೇಸ್ತ್ರಿ ಬೈದ.